ಲ್ಯಾಬ್ರಡಾರ್ ಸಾಕಿರುವ ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಲ್ಯಾಬ್ರಡಾರ್ ಅಪ್ಪಟ ಇಂಗ್ಲೆಂಡಿನ ತಳಿಯೇ ಎಂದು ತೀರ್ಥಹಳ್ಳಿ ಕಡೆಯ ಸದಸ್ಯರೊಬ್ಬರು ಕೇಳಿದ್ದರು. ಅಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಹಿಮದಂಥ ನೀರಿಗೆ ಧುಮುಕಿ ಬೆಸ್ತರ ಬಲೆ ಎಳೆಯುತ್ತಿದ್ದ, ಜಾರಿದ ಮೀನನ್ನು ಕಚ್ಚಿ ತರುತ್ತಿದ್ದ ಕಪ್ಪು ನಾಯಿಗಳೇ ಇವುಗಳ ಪೂರ್ವಜರು. 19ನೇ ಶತಮಾನದಲ್ಲಿ ಮೀನಿನ ಹಡಗುಗಳೊಂದಿಗೆ ಇಂಗ್ಲೆಂಡಿನ ಪೂಲ್ ಬಂದರಿಗೆ ಬಂದಿಳಿದವು. ಅಲ್ಲಿನ ಶ್ರೀಮಂತ ಮನೆತನದ ಮಾಮ್ಸ್‌ಬರಿಯ ಅರ್ಲ್ (ಇದೊಂದು ಪದವಿ) ಅವನ್ನು ನೀರುಹಕ್ಕಿಗಳ ಬೇಟೆಗೆ ಪಳಗಿಸಿದರು. 1880ರ ದಶಕದಲ್ಲಿ ಅದೇ ಮನೆತನ ಸ್ಕಾಟ್ಲೆಂಡಿನ ಬಕ್ಲೂ ಡ್ಯೂಕರಿಗೆ ಕೊಟ್ಟ ನಾಯಿಗಳಿಂದ ತಳಿ ನೆಲೆಯೂರಿತು. 1903ರಲ್ಲಿ ನಾಯಿ ತಳಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಕೆನಲ್ ಕ್ಲಬ್ ಮಾನ್ಯತೆ ನೀಡಿತು. ತವರಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮಾತ್ರ ಮೂಲ ಸಂತತಿ ಅಳಿದೇ ಹೋಯಿತು. ನಾಯಿ ಸಾಕುವವರ ಮೇಲೆ ಹೇರಿದ ತೆರಿಗೆಯೂ ಅದಕ್ಕೊಂದು ಕಾರಣವಂತೆ!

ಇಷ್ಟು ಬರೆದದ್ದಕ್ಕೆ ಕಾರಣವಿದೆ. ನೀರಿಗಿಳಿಯುತ್ತಿದ್ದ ಆ ಪೂರ್ವಜರಿಂದ ಬಂದ, ಎಣ್ಣೆಯಂಶವಿರುವ ಎರಡು ಪದರದ ರೋಮ ನಮ್ಮ ಆಷಾಢದ ಜಡಿಮಳೆಯಲ್ಲಿ ಮೇಲೆ ಒಣಗಿದಂತೆ ಕಂಡರೂ ಬುಡದಲ್ಲಿ ಒದ್ದೆಯಾಗಿಯೇ ಇರುತ್ತದೆ. ತೋಟ ಸುತ್ತಿ ಬಂದ ಮೇಲೆ ಒರಟು ಬಟ್ಟೆಯಿಂದ ಬುಡದವರೆಗೂ ಒರೆಸಿ. ಜೋತುಬಿದ್ದ ಕಿವಿಯನ್ನು ಮಡಚಿ ಒಳಗೆ ನೋಡಿ. ಕೆಟ್ಟ ವಾಸನೆ ಬಂದರೆ ಪಶುವೈದ್ಯರ ಬಳಿ ಹೋಗಿ, ಮನೆಮದ್ದು ಬೇಡ. ಬೆರಳ ಸಂದಿನ ಉಣುಗುಗಳನ್ನೂ ಮರೆಯಬೇಡಿ.

ಭಾನುವಾರದ ಭೇಟಿಗೆ ಬರುವವರು ರೇಬೀಸ್ ಲಸಿಕೆಯ ಪುಸ್ತಕವನ್ನು ತಪ್ಪದೆ ತನ್ನಿ.