ಅಧ್ಯಕ್ಷರಿಲ್ಲದ ಸಭಾಂಗಣ: ಗೆಳೆಯನಿಗೊಂದು ಪತ್ರ

ನವೆಂಬರ್ 2025

ಪ್ರಿಯ ಗೆಳೆಯಾ,

ನಿನ್ನ ಕಾಗದ ಬಂದು ವಾರವಾಯಿತು. ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿ ಹೊತ್ತು ಹೋಗುವುದಿಲ್ಲವೆಂದು ಬರೆದಿದ್ದೀಯೆ, ನಿವೃತ್ತಿಯಾದ ಮೇಲೆ ನನ್ನ ದಿನಗಳು ಹೇಗೆ ಸಾಗುತ್ತಿವೆ ಎಂದೂ ಕೇಳಿದ್ದೀಯೆ. ನನಗೆ ಹೊತ್ತು ಸಾಲುತ್ತಿಲ್ಲ. ಏಕೆ ಸಾಲುತ್ತಿಲ್ಲ ಎಂಬುದನ್ನು ಹೇಳಲೆಂದೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಅದರಲ್ಲಿ ಸಂತೋಷಪಡುವಂಥದ್ದು ಹೆಚ್ಚೇನೂ ಇಲ್ಲ.

ಬೆಳಗ್ಗೆ ಕೆರೆ ಏರಿಯ ಮೇಲೆ ಒಂದು ಸುತ್ತು ನಡೆದು ಬಂದು, ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳಿಸಿಕೊಂಡು, ತೋಟದ ಕಡೆ ಹೋಗುತ್ತೇನೆ. ಕೊಬ್ಬರಿ ಕ್ವಿಂಟಲ್‌ಗೆ 20,000 ರೂಪಾಯಿ ದಾಟಿದ ವರ್ಷವೇ ಮರಗಳಿಗೆ ಬಿಳಿನೊಣವೂ ಹತ್ತಿದೆ. ಗರಿಯ ಅಡಿಭಾಗ ಸುಣ್ಣ ಬಳಿದಂತೆ ಬೆಳ್ಳಗಾಗಿ, ಕೆಳಗಿನ ಗಿಡಗಳ ಎಲೆಗಳ ಮೇಲೆ ಅಂಟು ಸುರಿದು ಕಪ್ಪು ಬೂಷ್ಟು ಕಟ್ಟಿಕೊಂಡಿದೆ. ಅಲ್ಲಿಂದ ಬಂದು ತಿಂಡಿ ಮುಗಿಸಿ ಗ್ರಂಥಾಲಯಕ್ಕೆ ಹೋದರೆ ನಮ್ಮ ವಯಸ್ಸಿನವರೆಲ್ಲ ಪತ್ರಿಕೆ ಹಿಡಿದು ಕೂತಿರುತ್ತಾರೆ. ಮುಖ್ಯಮಂತ್ರಿ ಬದಲಾಗುತ್ತಾರೆಯೋ ಇಲ್ಲವೋ ಎಂಬುದೇ ಈಗ ಎಲ್ಲರ ಮಾತು. ನಾನು ಆ ಪುಟಗಳನ್ನು ಬೇಗ ಮಗುಚಿ, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಚುನಾವಣೆಯ ಸುದ್ದಿ ಏನಾದರೂ ಇದೆಯೇ ಎಂದು ಒಳಪುಟಗಳಲ್ಲಿ ಹುಡುಕುತ್ತೇನೆ. ಬಹಳ ದಿನ ಏನೂ ಇರುವುದಿಲ್ಲ.

ಮನೆಗೆ ಮರಳುವಷ್ಟರಲ್ಲಿ ಜಗಲಿಯ ಮೇಲೆ ಯಾರಾದರೂ ಕಾದಿರುತ್ತಾರೆ. ಅರ್ಜಿ ಬರೆದುಕೊಡಿ, ಯಾವ ಕಚೇರಿಗೆ ಕೊಡಬೇಕು ಹೇಳಿ, ಈ ಹಿಂಬರಹದ ಅರ್ಥವೇನು ಎಂದು ಕೇಳಿಕೊಂಡು ಬರುತ್ತಾರೆ. ಮೊದಲ ಕೆಲವು ತಿಂಗಳು, ನಾನು ಕಚೇರಿಯ ನಿಯಮ ಬಲ್ಲವನೆಂದು ಬರುತ್ತಾರೆ ಅಂದುಕೊಂಡಿದ್ದೆ. ಆಮೇಲೆ ಬಂದವರ ಕಾಗದಗಳನ್ನೆಲ್ಲ ಓದುತ್ತಾ ಓದುತ್ತಾ ತಿಳಿಯಿತು: ಇವರಲ್ಲಿ ಅರ್ಧಕ್ಕೂ ಹೆಚ್ಚು ಜನ ಹಿಂದೆ ತಮ್ಮ ಕ್ಷೇತ್ರದ ತಾಲ್ಲೂಕು ಪಂಚಾಯಿತಿ ಸದಸ್ಯರ ಮನೆಗೆ ಹೋಗುತ್ತಿದ್ದರು. ಚುನಾವಣೆಯೇ ನಡೆಯದೆ ಸದಸ್ಯರಿಲ್ಲದಿರುವಾಗ, ಈಗ ಹೋಗುವುದಕ್ಕೆ ಆ ಮನೆಯೇ ಇಲ್ಲ.

ಮೊನ್ನೆ ಬಂದ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಎರಡು ಗ್ರಾಮ ಪಂಚಾಯಿತಿಗಳ ಗಡಿಯಲ್ಲಿ ಒಂದು ಹಳ್ಳ ಹರಿಯುತ್ತದೆ, ಅದರ ಮೇಲೆ ಮೋರಿ. ಸಿಮೆಂಟ್ ಕೊಳವೆಗಳನ್ನು ಹೂತಿದ್ದಾರೆ, ಪಕ್ಕದ ಗೋಡೆ ಕಟ್ಟಿಲ್ಲ. ಮೇಲಿನ ಕೆರೆ ಕೋಡಿ ಬಿದ್ದಾಗಲೆಲ್ಲ ಮಣ್ಣು ಕೊಚ್ಚಿಹೋಗಿ ಕೊಳವೆ ಬೋಳಾಗುತ್ತದೆ, ಪ್ರೌಢಶಾಲೆಯ ಮಕ್ಕಳು ಊರು ಸುತ್ತಿಕೊಂಡು ಹೋಗಬೇಕಾಗುತ್ತದೆ. ಆ ತಾಯಿ ಪ್ಲಾಸ್ಟಿಕ್ ಕವರಿನಲ್ಲಿ ಅರ್ಜಿಯ ನಕಲುಗಳನ್ನು ತಂದಿದ್ದರು. ಪ್ರತಿಯೊಂದರ ಮೇಲೂ ಸ್ವೀಕೃತಿಯ ನೀಲಿ ಮೊಹರಿತ್ತು. ಮಡಿಸಿ ಮಡಿಸಿ ಕೆಲವು ಕಡೆ ಕಾಗದ ಹರಿದು, ಹಿಂದಿನಿಂದ ಟೇಪು ಅಂಟಿಸಿದ್ದರು. ರಸ್ತೆ ಜಿಲ್ಲಾ ಪಂಚಾಯಿತಿಯ ಪಟ್ಟಿಯಲ್ಲಿದೆ ಎಂದು ಗ್ರಾಮ ಪಂಚಾಯಿತಿ ಬರೆದಿದೆ. ಕ್ರಿಯಾ ಯೋಜನೆಯಲ್ಲಿ ಸೇರಿದರೆ ಕೈಗೆತ್ತಿಕೊಳ್ಳುತ್ತೇವೆ ಎಂದು ಎಂಜಿನಿಯರ್ ಕಚೇರಿ ಹಿಂಬರಹ ಕೊಟ್ಟಿದೆ. ಎರಡೂ ಉತ್ತರ ನಿಯಮದ ಪ್ರಕಾರ ಸರಿಯಾಗಿಯೇ ಇವೆ. ಆದರೆ ಆ ಮೋರಿಯನ್ನು ಕ್ರಿಯಾ ಯೋಜನೆಗೆ ಸೇರಿಸಿ ಎಂದು ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಕೇಳುವ ಸದಸ್ಯರೇ ಇಲ್ಲದಿರುವಾಗ, ಅದು ಸೇರುವುದಾದರೂ ಹೇಗೆ? ಶಾಸಕರನ್ನು ನೋಡಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಇಲಾಖೆಗಳ ಕೆಲಸದ ಪ್ರಗತಿ ನೋಡುವ ತಾಲ್ಲೂಕಿನ ಕೆಡಿಪಿ ಸಭೆಗೂ ಅವರೇ ಅಧ್ಯಕ್ಷರು. ಇಡೀ ಕ್ಷೇತ್ರದ ಮೋರಿ, ಅಂಗನವಾಡಿ, ಬೋರ್‌ವೆಲ್‌ಗಳ ಅಹವಾಲನ್ನೆಲ್ಲ ಒಬ್ಬರೇ ಹೊರುವುದು ಎಷ್ಟೇ ಒಳ್ಳೆಯ ಮನಸ್ಸಿನವರಿಗೂ ಆಗದ ಕೆಲಸ.

ಕಡೆಯ ಸಲ ನಮ್ಮ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಮತದಾನ ನಡೆದದ್ದು 2016ರ ಫೆಬ್ರವರಿಯಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅಂದಿನಿಂದ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳೇ ಅವನ್ನು ನಡೆಸುತ್ತಿದ್ದಾರೆ. ಕಾರಣಗಳು ನಿನಗೂ ಗೊತ್ತು. ಮೊದಲು ಕೋವಿಡ್. ಆಮೇಲೆ, ರಾಜ್ಯ ಚುನಾವಣಾ ಆಯೋಗ ಕರಡು ಮೀಸಲಾತಿಯನ್ನೂ ಪ್ರಕಟಿಸಿದ್ದ ಹೊತ್ತಿಗೆ, ಕಾನೂನಿಗೆ ತಿದ್ದುಪಡಿ ತಂದು ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ವಹಿಸಿದರು. ಹಿಂದುಳಿದ ವರ್ಗಗಳ ಮೀಸಲಾತಿಗೆ ಸುಪ್ರೀಂ ಕೋರ್ಟ್ ವಿಧಿಸಿದ ಮೂರು ಷರತ್ತುಗಳನ್ನು ಪೂರೈಸಲು ನ್ಯಾಯಮೂರ್ತಿ ಭಕ್ತವತ್ಸಲ ಅವರ ಆಯೋಗ ಬಂತು, ಹೈಕೋರ್ಟಿನಲ್ಲಿ ವ್ಯಾಜ್ಯ ನಡೆಯಿತು. 2023ರಲ್ಲಿ ಸರ್ಕಾರ ಬದಲಾದರೂ ಚುನಾವಣೆ ಮಾತ್ರ ಬರಲಿಲ್ಲ. ಆದ್ದರಿಂದ ಇದನ್ನು ಒಂದು ಪಕ್ಷದ ಮೇಲೆ ಹೊರಿಸಿ ಸುಮ್ಮನಾಗಲು ನನ್ನಿಂದ ಸಾಧ್ಯವಿಲ್ಲ. ಕಾರಣಗಳು ಒಂದೊಂದೂ ನಿಜವೇ ಇರಬಹುದು, ಆದರೆ ಅವನ್ನೆಲ್ಲ ನಿವಾರಿಸಿ ಚುನಾವಣೆ ನಡೆಸಬೇಕೆಂಬ ಆತುರ ಯಾರಲ್ಲೂ ಕಾಣಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾವಿಬ್ಬರೂ ಸೇವೆಗೆ ಸೇರಿದ ದಿನಗಳನ್ನು ನೆನೆಸಿಕೊ. ರಾಮಕೃಷ್ಣ ಹೆಗಡೆಯವರ ಸರ್ಕಾರ 1983ರ ಕಾಯ್ದೆಯನ್ನು ತಂದು, 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು (ಇಂದಿನ ಜಿಲ್ಲಾ ಪಂಚಾಯಿತಿಯ ಹಿಂದಿನ ರೂಪ) ಮತ್ತು ಕೆಲವು ಹಳ್ಳಿಗಳಿಗೆ ಒಂದರಂತಿದ್ದ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿತು. ಅಬ್ದುಲ್ ನಜೀರ್ ಸಾಬ್ ಅವರು ಗ್ರಾಮೀಣಾಭಿವೃದ್ಧಿ ಸಚಿವರು. ಊರೂರಿಗೆ ಕೊಳವೆಬಾವಿ ಕೊರೆಸಿದ್ದರಿಂದ ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ, ಮಹಿಳೆಯರಿಗೆ ಶೇ 25ರಷ್ಟು ಮೀಸಲಾತಿ. ದೇಶದ ಬೇರೆ ಎಷ್ಟೋ ಕಡೆ ಆಗ ಇಂಥದ್ದನ್ನು ಯೋಚಿಸಿಯೂ ಇರಲಿಲ್ಲ. ಆ ಕಾಲದ ಒಂದು ಸಾಮಾನ್ಯ ಸಭೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಕೈಪಂಪುಗಳೆಲ್ಲ ಸುಸ್ಥಿತಿಯಲ್ಲಿವೆ ಎಂದು ವರದಿ ಓದುತ್ತಿದ್ದಾಗ ಹಿಂದಿನ ಸಾಲಿನಿಂದ ಎದ್ದು ಬಂದ ಒಬ್ಬ ಮಹಿಳಾ ಸದಸ್ಯೆ ಸೆರಗಿನ ಗಂಟು ಬಿಚ್ಚಿ, ಸವೆದು ಸೀಳಿದ ಚರ್ಮದ ವಾಷರ್ ಒಂದನ್ನು ಮೇಜಿನ ಮೇಲಿಟ್ಟು, ಇದು ನಮ್ಮೂರಿನ ಪಂಪಿನದು, ಇದಕ್ಕೆ ಬದಲಿ ಬರುವವರೆಗೆ ನಾವು ಬಾವಿಯ ನೀರೇ ಕುಡಿಯಬೇಕೇ ಎಂದು ಕೇಳಿದರು. ನಡಾವಳಿಯಲ್ಲಿ ಅದನ್ನು ದಾಖಲಿಸಿದವನು ನೀನು. ಅದೇ ವಾರ ಬಿಡಿಭಾಗಗಳು ಹೋದವು. ಅಧಿಕಾರಿಗಳಾದ ನಮಗೆ ಅಂಥ ಸಭೆಗಳೆಂದರೆ ಅಳುಕಿತ್ತು, ಆ ಅಳುಕು ನಮ್ಮಿಂದ ಎಷ್ಟು ಕೆಲಸ ಮಾಡಿಸಿತು ಎಂಬುದನ್ನು ನಾನು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತೇನೆ.

ಆ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದಾಗಲೂ ಹೀಗೆಯೇ ಆಡಳಿತಾಧಿಕಾರಿಗಳು ಬಂದರು, ಜಿಲ್ಲಾ ಪಂಚಾಯಿತಿಗೆ ಮತ್ತೆ ಚುನಾವಣೆ ನಡೆದದ್ದು 1995ರಲ್ಲಿ. ಇಂಥದ್ದು ಮರುಕಳಿಸಬಾರದೆಂದೇ ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ, ಅವಧಿ ಐದು ವರ್ಷ ಮೀರಬಾರದು, ಅದು ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂಬ ಮಾತು 243-ಇ ವಿಧಿಯಲ್ಲಿ ಸ್ಪಷ್ಟವಾಗಿ ಬಂತು. ಮೈಸೂರಿನ ತರಬೇತಿಯಲ್ಲಿ ಆ ವಿಧಿಯನ್ನು ಬಾಯಿಪಾಠದಂತೆ ಓದಿಸಿದ್ದರು. ಸಂವಿಧಾನ ಅಷ್ಟು ಬಿಡಿಸಿ ಹೇಳಿದ್ದನ್ನು ನಾಲ್ಕು ವರ್ಷಕ್ಕೂ ಮೀರಿ ಬದಿಗಿಟ್ಟು ನಡೆಯಬಹುದಾದರೆ, ನಾವು ಒಂದು ಜೀವಮಾನ ಯಾವ ಕಾನೂನಿಗಾಗಿ ದುಡಿದೆವು ಎಂದು ರಾತ್ರಿ ನಿದ್ದೆ ಬಾರದಾಗ ಯೋಚಿಸುತ್ತೇನೆ.

ಕಳೆದ ಫೆಬ್ರವರಿಯಲ್ಲಿ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಹೊರತಂದ ಅಧಿಕಾರ ವಿಕೇಂದ್ರೀಕರಣ ಸೂಚ್ಯಂಕದಲ್ಲಿ ಕರ್ನಾಟಕಕ್ಕೇ ಮೊದಲ ಸ್ಥಾನ ಸಿಕ್ಕಿತು. ನನಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಗ್ರಾಮ ಪಂಚಾಯಿತಿಗಳಿಗೆ ನಾವು ಕೊಟ್ಟ ಅಧಿಕಾರ, ಸಿಬ್ಬಂದಿ, ಲೆಕ್ಕಪತ್ರದ ಶಿಸ್ತು ಸಣ್ಣ ಸಾಧನೆಯಲ್ಲ. ಆದರೆ ಮೂರು ಹಂತಗಳ ಪೈಕಿ ಎರಡರಲ್ಲಿ ಚುನಾಯಿತರೇ ಇಲ್ಲದ ರಾಜ್ಯ ಮೊದಲ ಸ್ಥಾನದಲ್ಲಿದೆ. ಚುನಾಯಿತ ಸಂಸ್ಥೆಗಳಿಲ್ಲದ ಕಡೆ ಕೇಂದ್ರ ಹಣಕಾಸು ಆಯೋಗದ ಅನುದಾನವೂ ನಿಲ್ಲುತ್ತದೆ ಎಂಬುದು ನಿನಗೆ ತಿಳಿಯದ್ದೇನಲ್ಲ.

ನನ್ನನ್ನು ಹೆಚ್ಚು ಕಾಡುವುದು ಹೆಣ್ಣುಮಕ್ಕಳ ವಿಷಯ. 2010ರಲ್ಲಿ ಪಂಚಾಯಿತಿಗಳ ಅರ್ಧದಷ್ಟು ಸ್ಥಾನಗಳು ಅವರಿಗೆ ಮೀಸಲಾದವು. ಗ್ರಾಮ ಪಂಚಾಯಿತಿಯಲ್ಲಿ ಒಂದು ಅವಧಿ ಕೆಲಸ ಮಾಡಿ, ಕಡತ ಓದುವುದನ್ನೂ ಅಧಿಕಾರಿಯನ್ನು ಪ್ರಶ್ನಿಸುವುದನ್ನೂ ಕಲಿತ ಎಷ್ಟೋ ಮಂದಿ ತಾಲ್ಲೂಕಿಗೆ ಬರುವುದಕ್ಕೆ ಸಿದ್ಧರಾಗಿದ್ದರು. ಅವರ ಮುಂದಿನ ಮೆಟ್ಟಿಲನ್ನೇ ತೆಗೆದಂತಾಗಿದೆ. ನಮ್ಮೂರಿನ ಮಾಜಿ ಅಧ್ಯಕ್ಷೆಯೊಬ್ಬರು ಈಗ ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾರೆ. ಬಿಳಿನೊಣದ ಹಾವಳಿಗೆ ತೋಟಗಾರಿಕೆ ಇಲಾಖೆಯಿಂದ ಪರತಂತ್ರ ಜೀವಿಗಳನ್ನು, ಅಂದರೆ ಆ ನೊಣವನ್ನು ಕೊಲ್ಲುವ ಸಣ್ಣ ಕೀಟಗಳನ್ನು, ತರಿಸಿ ಹಂಚಬೇಕೆಂದು ಮೊನ್ನೆ ಅವರು ನನ್ನೊಡನೆ ಮಾತಾಡಿದ ರೀತಿ ನೋಡಿದರೆ, ಅದನ್ನು ಸಭೆಯಲ್ಲಿ ಆಡಿದ್ದರೆ ಇಲಾಖೆಯವರು ಮರುದಿನವೇ ತೋಟಕ್ಕೆ ಇಳಿಯುತ್ತಿದ್ದರು.

ನೀನಿರುವ ಕಡೆಯೂ ಸ್ಥಿತಿ ಬೇರೆಯಲ್ಲ. ಬೆಂಗಳೂರಿನ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದು, ಈಗ ಐದು ಪಾಲಿಕೆಗಳಾಗಿದ್ದರೂ ಇನ್ನೂ ಮತದಾನವಾಗಿಲ್ಲ. ಇತ್ತ, 2020ರ ಡಿಸೆಂಬರಿನಲ್ಲಿ ಆಯ್ಕೆಯಾದ ನಮ್ಮ ಗ್ರಾಮ ಪಂಚಾಯಿತಿಗಳ ಅವಧಿಯೂ ಕೆಲವೇ ತಿಂಗಳಲ್ಲಿ ತೀರಲಿದೆ. ಅಲ್ಲಿಗೂ ಆಡಳಿತಾಧಿಕಾರಿಗಳೇ ಬಂದು ಕೂತರೆ, ಹಳ್ಳಿಯವರು ಮತ ಹಾಕಿ ಕಳಿಸಿದವರೆಂದು ಹತ್ತಿರದಲ್ಲಿ ಯಾರೂ ಉಳಿಯುವುದಿಲ್ಲ.

ಆದ್ದರಿಂದ ಗ್ರಂಥಾಲಯದಲ್ಲಿ ಕೂಡುವ ನಾವು ಕೆಲವರು ಸೇರಿ ರಾಜ್ಯ ಚುನಾವಣಾ ಆಯೋಗಕ್ಕೂ ಸರ್ಕಾರಕ್ಕೂ ಒಂದು ಮನವಿ ಸಿದ್ಧಪಡಿಸುತ್ತಿದ್ದೇವೆ. ಮೂರೂ ಹಂತಗಳ ಚುನಾವಣೆಯ ದಿನಾಂಕವನ್ನು ಗ್ರಾಮ ಪಂಚಾಯಿತಿಗಳ ಅವಧಿ ಮುಗಿಯುವ ಮೊದಲೇ ಪ್ರಕಟಿಸಬೇಕೆಂಬುದು ನಮ್ಮ ಕೋರಿಕೆ. ಕರಡನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. 1992ರಿಂದ 1995ರವರೆಗಿನ ಭಾಗವನ್ನು ನೀನು ತಿದ್ದಬೇಕು. ಆ ವರ್ಷಗಳಲ್ಲಿ ನೀನು ಜಿಲ್ಲಾ ಕಚೇರಿಯಲ್ಲಿದ್ದೆ, ಚುನಾಯಿತರಿಲ್ಲದೆ ಯಾವ ಯಾವ ಕಾಮಗಾರಿಗಳು ಹೇಗೆ ನಿಂತವು ಎಂಬುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಡಿಸೆಂಬರ್ ಮೊದಲ ವಾರದೊಳಗೆ ಕಳಿಸಿಕೊಟ್ಟರೆ ಹಳ್ಳಿಗಳಿಗೆ ಹೋಗಿ ಸಹಿ ಮಾಡಿಸುವ ಕೆಲಸ ಶುರುಮಾಡುತ್ತೇವೆ. ಸಾಧ್ಯವಾದರೆ ನೀನೂ ಎರಡು ದಿನ ಬಂದುಹೋಗು, ಮೋರಿಯ ಆಚೆಯ ಊರಿಗೆ ಮೊದಲು ಹೋಗೋಣ.

ಇಂತು,
ನಿನ್ನ ಹಳೆಯ ಸಹೋದ್ಯೋಗಿ