ನಿನ್ನ ಲಾಗ್‌ಬುಕ್ ನೋಡಿದೆ

ಮಡಿಕೇರಿ, ಜುಲೈ

ಪ್ರೀತಿಯ ಮಗಾ,

ಇಲ್ಲಿ ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿದೆ. ಮೂರು ದಿನದಿಂದ ಕರೆಂಟಿಲ್ಲ. ಫೋನಿನಲ್ಲಿ ಉಳಿದಿದ್ದ ಚಾರ್ಜು ನೀನು ಕಳಿಸಿದ ಡೈವಿಂಗ್ ಲಾಗ್‌ಬುಕ್ ಫೋಟೋ ನೋಡುವುದರಲ್ಲೇ ಮುಗಿಯಿತು. ಅದಕ್ಕೇ ಈ ಕಾಗದ.

ಮಳೆಗಾಲ ಕಳೆದ ಮೇಲೆ ಟೆಕ್ನಿಕಲ್ ಡೈವಿಂಗ್ ಕೋರ್ಸಿಗೆ ಸೇರಲಾ ಅತ್ತೆ ಅಂತ ಕೇಳಿದ್ದೀಯ. ಈಗ ಬೇಡ. ನಿಮ್ಮಪ್ಪನ ಹಾಗೆ ನೀರು ಕಂಡರೆ ಹೆದರಿ ಹೇಳುತ್ತಿಲ್ಲ. ಅಂಡಮಾನಿನಲ್ಲಿ ಏಳು ವರ್ಷ ಡೈವಿಂಗ್ ಕಲಿಸಿ ಬಂದವಳು ನಾನು, ನಿನಗೆ ಗೊತ್ತಲ್ಲ. ಡೈವಿಂಗ್ ಕಲಿಸುವ ಪಾಡಿ (PADI) ಸಂಸ್ಥೆಯ ಕಾರ್ಡು ಬಂದಾಗ, ಪಾಡಿ ಕಾರ್ಡು ಬಂತು ಅಂತ ಮನೆಗೆ ಬರೆದಿದ್ದಕ್ಕೆ ನಿನ್ನ ಅಜ್ಜಿ, ನಮ್ಮ ಕೊಡಗಿನ ದೇವರು ಪಾಡಿ ಇಗ್ಗುತ್ತಪ್ಪನ ಪ್ರಸಾದ ಇರಬೇಕು ಅಂದುಕೊಂಡಿದ್ದರು.

ಲಾಗ್‌ಬುಕ್ ವಿಷಯಕ್ಕೆ ಬರುತ್ತೇನೆ. ಒಟ್ಟು 22 ಡೈವ್. 30 ಮೀಟರ್ ಮುಟ್ಟಿದ್ದು ಎರಡೇ ಸಲ. ಅದೆಲ್ಲ ಸರಿ. ಕೊನೆಯ ಪುಟದ ತಾರೀಕು ಮತ್ತೆ ಮತ್ತೆ ನೋಡಿದೆ. ಫೆಬ್ರವರಿಯ ಆ ಭಾನುವಾರ. ನೇತ್ರಾಣಿ ದ್ವೀಪದಲ್ಲಿ ಎರಡನೇ ದಿನದ ಎರಡನೇ ಡೈವ್, ಮೇಲೆ ಬಂದಿದ್ದು ಬೆಳಗ್ಗೆ 10:40. ಮೆಣಸು ಕುಯ್ಲಿನ ವಾರ ಅಲ್ವಾ ಅದು? ಅದೇ ರಾತ್ರಿ ನೀನು ನಮ್ಮನೆಯಲ್ಲಿ ಕೂತು ಕಡಂಬುಟ್ಟು ತಿನ್ನುತ್ತಿದ್ದೆ.

ಅಂದರೆ ಮುರುಡೇಶ್ವರದಿಂದ ಮಂಗಳೂರಿಗೆ ಬಂದು, ನಿಲ್ಲದೆ ಸಂಪಾಜೆ ಘಾಟಿ ಹತ್ತಿದ್ದೀಯ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಹಲವು ಡೈವ್ ಮಾಡಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬೇಡಿ ಅಂತ ಕಲಿಸಿರುತ್ತಾರೆ. ಘಾಟಿಗೂ ಅದೇ ಲೆಕ್ಕ. ಮೈಯಲ್ಲಿ ಕರಗಿದ ನೈಟ್ರೋಜನ್ ಇನ್ನೂ ಹೊರಗೆ ಹೋಗುತ್ತಿರುವಾಗ ಗಾಳಿಯ ಒತ್ತಡ ಇಳಿದರೆ ಗುಳ್ಳೆ ಕಟ್ಟುತ್ತದೆ. ವಿಮಾನದಲ್ಲಿ ಕೂತಿದ್ದೀಯೋ ಕಾರಿನಲ್ಲೋ ಅಂತ ಅದು ಕೇಳುವುದಿಲ್ಲ.

ಆ ರಾತ್ರಿ ನೀನು ಎಡಭುಜ ನೋಯುತ್ತಿದೆ ಅಂದೆ. ಇಷ್ಟು ದೂರ ಕಾರು ಓಡಿಸಿದ್ದಕ್ಕೆ ಅಂತ ನಾನೇ ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ಕಾರು ಓಡಿಸಿದ್ದಕ್ಕೇ ಇರಬಹುದು. ಆದರೆ ಭುಜದ ಕೀಲು ನೋವು ಆ ಗುಳ್ಳೆಗಳಿಂದ ಬರುವ ಡಿಕಂಪ್ರೆಷನ್ ಕಾಯಿಲೆಯ ಮೊದಲ ಗುರುತುಗಳಲ್ಲಿ ಒಂದು. ಬೆಳಗ್ಗೆ ನೀರಿನಲ್ಲಿದ್ದೆಯಾ ಅಂತ ನಾನೂ ಒಂದು ಮಾತು ಕೇಳಲಿಲ್ಲ. ಏಳು ವರ್ಷ ಬೇರೆಯವರಿಗೆ ಪಾಠ ಹೇಳಿದವಳು! ಮೊನ್ನೆಯಿಂದ ಅದೇ ತಲೆಯಲ್ಲಿ ಕೂತಿದೆ.

ಈಗ ಕೋರ್ಸಿನ ಮಾತು. ನೀನು ಇಲ್ಲಿಯವರೆಗೆ ಮಾಡಿದ ಡೈವಿಂಗ್‌ನಲ್ಲಿ ಏನೇ ಎಡವಟ್ಟಾದರೂ ನಿಧಾನವಾಗಿ ಮೇಲೆ ಬಂದುಬಿಡಬಹುದು. ಯಾವ ಆಳದಲ್ಲಿ ಎಷ್ಟು ಹೊತ್ತು ಇದ್ದರೆ ಸೀದಾ ಮೇಲೆ ಬರಬಹುದು ಅನ್ನುವ ಟೇಬಲ್ ನೆನಪಿದೆಯಲ್ಲ? 18 ಮೀಟರಿನಲ್ಲಿ 56 ನಿಮಿಷ, 30ರಲ್ಲಿ 20, 40ರಲ್ಲಿ ಬರೀ 9. ಟೆಕ್ನಿಕಲ್ ಅಂದರೆ ಆ ಗೆರೆಯನ್ನು ಗೊತ್ತಿದ್ದೇ ದಾಟುವುದು. ದಾಟಿದ ಮೇಲೆ ಸೀದಾ ಮೇಲೆ ಬರುವ ಹಾಗಿಲ್ಲ. ಹಂತ ಹಂತದಲ್ಲಿ ನಿಂತು, ಮೈಯಿಂದ ಗ್ಯಾಸು ಹೋಗುವ ತನಕ ಕಾಯಬೇಕು. ತಲೆ ಮೇಲೆ ಬಿಸಿಲು ಕಾಣುತ್ತದೆ, ಬೋಟಿನ ತಳ ಕಾಣುತ್ತದೆ, ಹೋಗುವಂತಿಲ್ಲ. ಮಾಸ್ಕ್ ಕಿತ್ತುಹೋದರೂ ಅಲ್ಲೇ ನಿಂತು ಸರಿಮಾಡಿಕೊಳ್ಳಬೇಕು. ಈಜಿಪ್ಟಿನ ಅಹ್ಮದ್ ಗಬ್ರ್ 2014ರಲ್ಲಿ ಕೆಂಪು ಸಮುದ್ರದಲ್ಲಿ 332 ಮೀಟರ್ ಇಳಿದ ಅಂತ ದಾಖಲೆ. ಇಳಿಯೋಕೆ ಕಾಲು ಗಂಟೆ. ಏಳೋಕೆ 13 ಗಂಟೆಗೂ ಜಾಸ್ತಿ.

ಗಾಳಿಯ ಲೆಕ್ಕವನ್ನು ಕೂತು ಬರೆದು ನೋಡು. 11 ಲೀಟರ್ ಸಿಲಿಂಡರ್, 200 ಬಾರ್ ಒತ್ತಡ, ಅಂದರೆ 2,200 ಲೀಟರ್. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಎಳೆದರೆ 40 ಮೀಟರಿನಲ್ಲಿ 100, ಅಲ್ಲಿ ಒತ್ತಡ ಐದು ಪಟ್ಟು. ಗಾಬರಿಯಾದರೆ ಉಸಿರು ದುಪ್ಪಟ್ಟು, 200. ಹನ್ನೊಂದು ನಿಮಿಷಕ್ಕೆ ಎಲ್ಲಾ ಖಾಲಿ. ಅದಕ್ಕೇ ಬೆನ್ನಿಗೆ ಎರಡು, ಪಕ್ಕಕ್ಕೆ ಇನ್ನೊಂದೆರಡು ಸಿಲಿಂಡರ್ ಕಟ್ಟಿಕೊಂಡು ಹೋಗುತ್ತಾರೆ. ಅಲ್ಲಿ ಇನ್ನೊಂದು ತಾಪತ್ರಯ. ಒಂದೊಂದರಲ್ಲಿ ಒಂದೊಂದು ಗ್ಯಾಸು. ಶುದ್ಧ ಆಕ್ಸಿಜನ್ ಆರು ಮೀಟರಿಗಿಂತ ಕೆಳಗೆ ವಿಷ. ಆಳದಲ್ಲಿ ತಪ್ಪಿ ಅದನ್ನು ಬಾಯಿಗಿಟ್ಟುಕೊಂಡರೆ ಫಿಟ್ಸ್ ಬರುತ್ತದೆ, ನೀರೊಳಗೆ ಫಿಟ್ಸ್ ಬಂದವನು ಮುಳುಗುತ್ತಾನೆ. ಜೀವ ಹೋಗಿರುವುದು ಇಷ್ಟು ಸಣ್ಣ ತಪ್ಪಿಗೇ.

ಆ ತಪ್ಪು ಯಾರು ಮಾಡುತ್ತಾರೆ ಅಂತ ನಗಬೇಡ. ಒಂದು ಸಲ ಹ್ಯಾವ್ಲಾಕ್ ಹತ್ತಿರ 38 ಮೀಟರಿನಲ್ಲಿ ಸಿಲಿಂಡರಿನ ಗಾಳಿ ತೋರಿಸುವ ಗೇಜ್ ನೋಡಿದೆ. 70 ಬಾರ್ ಅಂತಿತ್ತು. ಎಪ್ಪತ್ತು ಅನ್ನುವುದು ಕಮ್ಮಿಯೋ ಜಾಸ್ತಿಯೋ ಹೊಳೆಯಲಿಲ್ಲ. ಎಷ್ಟು ಚೆಂದದ ನಂಬರ್ ಅಂತ ನೋಡುತ್ತಲೇ ಇದ್ದೆ. ಜೊತೆಗಿದ್ದವನು ಬೆಲ್ಟ್ ಹಿಡಿದು ಮೇಲಕ್ಕೆ ಎಳೆದ. ಇಪ್ಪತ್ತೈದಕ್ಕೆ ಬಂದಾಗ ನಶೆ ಇಳಿಯಿತು, ಕೈ ನಡುಗಲು ಶುರುವಾಯಿತು. ಆಗ ನನ್ನ ಲೆಕ್ಕದಲ್ಲಿ 300 ಡೈವ್ ಆಗಿತ್ತು. ಆಳದಲ್ಲಿ ನೈಟ್ರೋಜನ್ ತಲೆಗೇರಿ ಬರುವ ಈ ನಶೆ ತಪ್ಪಿಸೋಕೇ ಇನ್ನೂ ಆಳಕ್ಕೆ ಹೋಗುವವರು ಹೀಲಿಯಂ ಬೆರೆಸುತ್ತಾರೆ. ಅದರ ಖರ್ಚು ನಿಮ್ಮಪ್ಪನಿಗೆ ಹೇಳಬೇಡ.

ಪಾಡಿಯ ಟೆಕ್ 40 ಕೋರ್ಸಿಗೆ 30 ಡೈವ್ ಆಗಿದ್ದರೆ ಸೇರಿಸಿಕೊಳ್ಳುತ್ತಾರೆ, ನನಗೆ ಇನ್ನು ಎಂಟೇ ಬಾಕಿ ಅಂತ ಬರೆದಿದ್ದೀಯ. 30 ಅನ್ನುವುದು ಗೇಟು ತೆಗೆಯೋಕೆ. ನನ್ನ ಮಾತು ಕೇಳುವುದಾದರೆ ಮೊದಲು ನೂರು ಮಾಡು. ಇಪ್ಪತ್ತು ಮೀಟರ್ ಒಳಗೇ ಮಾಡು. ಐದು ಮೀಟರಿನಲ್ಲಿ ಕೈ ಆಡಿಸದೆ ಹತ್ತು ನಿಮಿಷ ಒಂದೇ ಕಡೆ ನಿಲ್ಲೋಕೆ ಬರಬೇಕು. ಕಣ್ಣು ಮುಚ್ಚಿಕೊಂಡು ಬೆನ್ನಿನ ಸಿಲಿಂಡರಿನ ವಾಲ್ವ್ ಮುಟ್ಟೋಕೆ ಬರಬೇಕು. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆಳದಲ್ಲಿ ಏನು ನೋಡಬೇಕು ಅಂತಲೂ ನಿನ್ನ ಕಾಗದದಲ್ಲಿ ಒಂದು ಸಾಲಿಲ್ಲ. ಮುಳುಗಿದ ಹಡಗೋ, ಗುಹೆಯೋ? ಸುಮ್ನೆ ನಂಬರಿಗಾದರೆ ಬೇಡ ಮಗಾ. ಹವಳ, ಮೀನು, ಬಣ್ಣ ಎಲ್ಲಾ ಬೆಳಕಿರುವ ಮೇಲಿನ ನೀರಿನಲ್ಲೇ ಜಾಸ್ತಿ.

ಆಸೆ ತಡೆಯದಿದ್ದರೆ ಟೆಕ್ನಿಕಲ್ ತಂಡದ ಜೊತೆ ಬೋಟಿನಲ್ಲಿ ಹೋಗು. ಸಿಲಿಂಡರ್ ಎತ್ತಿಕೊಡು, ಹೊತ್ತು ನೋಡಿ ಬರೆದಿಡು. ನಮ್ಮ ತೋಟದಲ್ಲಿ ಮೆಣಸು ಕುಯ್ಯೋಕೆ ಹೊಸದಾಗಿ ಬಂದ ಹುಡುಗನಿಗೆ ಮೊದಲ ವರ್ಷ ಒಂಟಿ ಬಿದಿರಿನ ಏಣಿ ಹಿಡಿದುಕೊಳ್ಳುವುದೇ ಕೆಲಸ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದ ಮೇಲೆ ಇರುವವನ ಕಾಲು ಎಲ್ಲಿ ನಡುಗುತ್ತದೆ ಅಂತ ಕೆಳಗಿದ್ದವನಿಗೇ ಚೆನ್ನಾಗಿ ಕಾಣುವುದು.

ಹುತ್ತರಿ ಹಬ್ಬಕ್ಕೆ ಬರುತ್ತೀಯಲ್ಲ, ಲಾಗ್‌ಬುಕ್ ತಾ. ಅದಕ್ಕೂ ಮೊದಲು ನೇತ್ರಾಣಿಗೆ ಹೋದರೆ ಮಂಗಳೂರಿನಲ್ಲಿ ರಾತ್ರಿ ಉಳಿದು, ಮಾರನೇ ದಿನ ಊಟ ಮಾಡಿಕೊಂಡು ಘಾಟಿ ಹತ್ತು. ಲಾಡ್ಜಿನ ದುಡ್ಡು ನಾನು ಕೊಡುತ್ತೇನೆ. ಆ ಭುಜ ಈಗ ಹೇಗಿದೆ ಅಂತ ಮರೆಯದೆ ಬರೆ.

ನಿನ್ನ
ಅತ್ತೆ