ವಂಡರ್‌ಲಾಗೆ ಹೊರಟಿರುವ ಮಗಳಿಗೆ

ಪ್ರೀತಿಯ ಪುಟ್ಟಿ,

ಹಾಸ್ಟೆಲ್ಲಿನ ಹುಡುಗಿಯರೆಲ್ಲ ಸೇರಿ ಬಿಡದಿಯ ವಂಡರ್‌ಲಾಗೆ ಹೊರಟಿದ್ದಾರೆ, ಹೆಸರು ಕೊಡಲೋ ಬೇಡವೋ ಅಂತ ಅಮ್ಮನ ಹತ್ತಿರ ಕೇಳಿದೆಯಂತೆ. ಕೊಡು ಮಗಳೇ. ಯಾಕೆ ಹೀಗಂತೀನಿ ಅನ್ನೋದನ್ನ ಫೋನಿನಲ್ಲಿ ಗಡಿಬಿಡಿಯಲ್ಲಿ ಹೇಳೋದಕ್ಕಿಂತ ಬರೆದರೆ ನೀನು ನಿಧಾನವಾಗಿ ಓದಿಕೊಳ್ಳಬಹುದು.

ನಿನ್ನ ಭಯ ಎತ್ತರದ್ದಲ್ಲ, ವೇಗದ್ದೂ ಅಲ್ಲ. ಎಲ್ಲಿ ವಾಂತಿ ಆಗಿಬಿಡುತ್ತೋ, ಪಕ್ಕದಲ್ಲಿ ಕೂತವರು ಎಲ್ಲಿ ಮಾಡಿಕೊಂಡುಬಿಡ್ತಾರೋ ಅನ್ನೋದು. ವೈದ್ಯರು ಇದಕ್ಕೆ ಎಮಿಟೋಫೋಬಿಯಾ ಅಂತಾರೆ. ನಿನ್ನ ಹಾಗೆ ಒದ್ದಾಡುವವರು ಬೇಕಾದಷ್ಟು ಜನ ಇದ್ದಾರೆ, ಇದಕ್ಕೆ ಚಿಕಿತ್ಸೆಯೂ ಇದೆ. ಯಾರಾದರೂ 'ನಾಟಕ ಮಾಡ್ತಾಳೆ' ಅಂದರೆ ಕಿವಿಗೆ ಹಾಕಿಕೊಳ್ಳಬೇಡ.

ಆಗುಂಬೆ ಘಾಟಿಯ ಬಸ್ಸಿನಲ್ಲಿ ಟಿಕೆಟ್ ಹರಿಯುವವನು ನಾನು, ವಾಂತಿ ವಿಷಯದಲ್ಲಿ ನನ್ನ ಮಾತು ನಂಬು. ಆ 14 ಹೇರ್‌ಪಿನ್ ತಿರುವುಗಳಲ್ಲಿ ಮೂರನೆಯದು ದಾಟುವಷ್ಟರಲ್ಲಿ ಯಾರ ಮುಖ ಬಿಳುಚಿತು, ಯಾರು ಬಾಯಿಗೆ ಸೆರಗು ಹಿಡಿದರು, ಯಾರು ಪದೇ ಪದೇ ಉಗುಳು ನುಂಗುತ್ತಿದ್ದಾರೆ ಅನ್ನೋದು ಕಣ್ಣಿಗೆ ಬೀಳುತ್ತೆ. ಮಾತಾಡದೆ ಒಂದು ಪ್ಲಾಸ್ಟಿಕ್ ಕವರ್ ಕೈಗೆ ಕೊಡ್ತೀನಿ. ಎಷ್ಟೋ ಸಲ ಆ ಕವರ್ ಹಾಗೇ ವಾಪಸ್ ಬರುತ್ತೆ. ವಾಂತಿ ಆದವರನ್ನ ನೀನು ನೋಡಬೇಕು. ಸೋಮೇಶ್ವರದಲ್ಲಿ ಬಸ್ಸು ನಿಂತಾಗ ಇಳಿದು ಬಾಯಿ ಮುಕ್ಕಳಿಸಿ, ಮುಖಕ್ಕೆ ನೀರು ಹಾಕಿಕೊಂಡು ಹತ್ತುತ್ತಾರೆ. ಹೆಬ್ರಿ ಬರುವ ಹೊತ್ತಿಗೆ ಕಿಟಕಿಯಲ್ಲಿ ಕೈ ಚಾಚಿ ಗೋಳಿಬಜೆ ಕೇಳುತ್ತಾರೆ. ಪರಿಚಯವೇ ಇಲ್ಲದವರು ನೀರಿನ ಬಾಟಲಿ ಕೊಟ್ಟಿದ್ದನ್ನ, ಬೆನ್ನು ನೀವಿದ್ದನ್ನ ನೋಡಿದೀನಿ.

ಹೊಟ್ಟೆ ತೊಳಸುವುದಕ್ಕೆ ಎರಡು ಕಾರಣ ಇರುತ್ತೆ ಪುಟ್ಟಿ, ನೀನು ಎರಡನ್ನೂ ಒಂದೇ ಅಂದುಕೊಂಡಿದ್ದೀಯ. ಮೊದಲನೆಯದು ಕಿವಿಯದ್ದು. ಒಳಕಿವಿಯಲ್ಲಿ ಮೂರು ಪುಟ್ಟ ಅರೆವೃತ್ತದ ನಾಳಗಳಿವೆ, ಒಳಗೆ ದ್ರವ. ತಲೆ ತಿರುಗಿದಾಗ ಆ ದ್ರವ ಅಲುಗಾಡಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತೆ. ಕಣ್ಣು ಒಂದು ಹೇಳಿ ಕಿವಿ ಇನ್ನೊಂದು ಹೇಳಿದರೆ ಹೊಟ್ಟೆ ಕಲಸುತ್ತೆ. ನಮ್ಮ ಡ್ರೈವರಣ್ಣಂಗೆ ಯಾವತ್ತೂ ಹಾಗಾಗಲ್ಲ, ಯಾಕಂದರೆ ಮುಂದಿನ ತಿರುವು ಅವರಿಗೆ ಮೊದಲೇ ಗೊತ್ತು. ಮೊಬೈಲ್ ನೋಡುತ್ತಾ ಹಿಂದಿನ ಸೀಟಿನಲ್ಲಿ ಕೂತವರಿಗೇ ಹೆಚ್ಚು.

ಎರಡನೆಯದು ಭಯದ್ದು. ಗಾಬರಿಯಾದಾಗ ಮೈ ಓಡೋದಕ್ಕೋ ಹೊಡೆದಾಡೋದಕ್ಕೋ ಸಜ್ಜಾಗುತ್ತೆ, ಜೀರ್ಣದ ಕೆಲಸ ನಿಧಾನವಾಗುತ್ತೆ, ಹೊಟ್ಟೆ ಹಿಂಡಿದ ಹಾಗಾಗುತ್ತೆ. ಬರೀ ಫೋನಿನಲ್ಲಿ ಮಾತಾಡುತ್ತಿದ್ದಾಗಲೇ ನಿನಗೆ ವಾಕರಿಕೆ ಬಂತಂತಲ್ಲ, ಅಲ್ಲಿ ಯಾವ ರೈಡಿತ್ತು ಹೇಳು? ಅದು ಗಾಬರಿಯ ವಾಕರಿಕೆ. ಅಂಥದ್ದು ಸಾಮಾನ್ಯವಾಗಿ ವಾಂತಿಯ ತನಕ ಹೋಗೋದಿಲ್ಲ, ಏರಿದ್ದು ತಾನಾಗಿ ಇಳಿಯುತ್ತೆ.

ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಇದನ್ನ ನೀನೇ ಕಂಡಿದ್ದೀಯ. ಕೊಲಂಬಸ್ ಅನ್ನೋ ತೂಗಾಡುವ ಹಡಗಿನ ಎದುರು ಬೇಲಿಯ ಕಂಬಿ ಹಿಡಿದು ನಿಂತಿದ್ದೆ. ಆ ಹಡಗು ಮೇಲೆ ಹೋದಾಗಲೆಲ್ಲ ನಿನ್ನ ಬೆರಳು ಬಿಳಿಚಿಕೊಳ್ಳುತ್ತಿತ್ತು. ಮನೆಗೆ ಹೋಗೋಣ ಅಂತ ಒಮ್ಮೆ ಅಂದೆ, ಆಮೇಲೆ ನೀನೇ ಸುಮ್ಮನಾಗಿ ನಿಂತೆ. ಸ್ವಲ್ಪ ಹೊತ್ತಿಗೆ 'ಅಪ್ಪಾ, ಚುರುಮುರಿ ಕೊಡ್ಸು' ಅಂದೆ. ಅವತ್ತು ನೀನು ಹಡಗು ಹತ್ತಲಿಲ್ಲ. ಆದರೂ ನನಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ!

ಕೌನ್ಸೆಲರ್ ಮೇಡಂ ಹೇಳಿದ್ದೂ ಅದನ್ನೇ, ಓಡಿಹೋಗದೆ ನಿಂತರೆ ಭಯ ತಾನಾಗಿ ಇಳಿಯುತ್ತೆ ಅಂತ. ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿ ಮೀಟರ್ ಬಡ್ಡಿ ಸಾಲದ ಹಾಗೆ, ಇವತ್ತು ಹಗುರ, ಬರಬರುತ್ತಾ ಭಾರ. ಬಸ್ಸು ಬೇಡ, ಮದುವೆ ಊಟ ಬೇಡ, ಹುಷಾರಿಲ್ಲದ ಗೆಳತಿಯ ರೂಮು ಬೇಡ ಅಂತ 'ಬೇಡ'ಗಳು ಬೆಳೆಯುತ್ತಲೇ ಹೋಗುತ್ತವೆ. 'ಏನೂ ಆಗಲ್ಲ ಅಲ್ವಾ ಅಪ್ಪಾ' ಅಂತ ನೀನು ಕೇಳಿದಾಗ ನಾನು 'ಆಗಲ್ಲ' ಅನ್ನದೆ ಇರೋದೂ ಇದಕ್ಕೇ. ಆದರೂ ಆಗಬಹುದು. ಹಾಗೇನಾದರೂ ಆದರೆ ಒಂದೆರಡು ನಿಮಿಷದ ಸಂಕಟ, ಆಮೇಲೆ ಬಾಯಿ ತೊಳೆದುಕೊಳ್ಳೋದು, ಅಷ್ಟೇ. ಅದನ್ನ ದಾಟುವ ಶಕ್ತಿ ನಿನಗಿದೆ ಅಂತ ನನಗೆ ಪೂರ್ತಿ ನಂಬಿಕೆ.

ಅಲ್ಲಿಗೆ ಹೋದ ಮೇಲೆ ಎಲ್ಲ ರೈಡೂ ಹತ್ತಲೇಬೇಕು ಅಂತೇನಿಲ್ಲ. ರಿಕಾಯಿಲ್ ಅಂತ ಒಂದಿದೆ, ತಲೆಕೆಳಗು ಮಾಡಿ ಮುಂದೆ ಹೋಗಿ, ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತೆ. ಅದನ್ನ ಈ ಸಲ ಕೆಳಗೆ ನಿಂತು ನೋಡಿದರೂ ಸಾಕು. ಅಲೆಗಳ ಕೊಳದಿಂದ ಶುರುಮಾಡು. ಗಿರಗಿರ ತಿರುಗುವವನ್ನ ಕೊನೆಗೆ ಇಟ್ಟುಕೋ, ಹೊಟ್ಟೆ ಕಲಸುವುದು ಅವುಗಳಲ್ಲೇ ಜಾಸ್ತಿ. ಕೂತಾಗ ದೂರದಲ್ಲಿ ಅಲುಗಾಡದ್ದನ್ನ ನೋಡು. ಗೆಳತಿಯರು ಕೈ ಹಿಡಿದು ಎಳೆದರೆ 'ಇದು ಬೇಡ, ಮುಂದಿನದಕ್ಕೆ ಬರ್ತೀನಿ' ಅನ್ನು. ಬಲವಂತಕ್ಕೆ ಹತ್ತಿದರೆ ಭಯ ಇನ್ನೂ ಗಟ್ಟಿಯಾಗುತ್ತೆ.

ಉಪವಾಸ ಮಾತ್ರ ಹೋಗಬೇಡ, ಖಾಲಿ ಹೊಟ್ಟೆಗೆ ತೊಳಸು ಹೆಚ್ಚು. ಬೆಳಿಗ್ಗೆ ಎರಡು ಇಡ್ಲಿ ತಿನ್ನು, ಎಣ್ಣೆಯದ್ದು ಬೇಡ. ಬಸ್ಸಿನ ಮಾತ್ರೆ ತಗೊಳ್ಳೋದಾದರೆ ಡಾಕ್ಟರನ್ನ ಕೇಳಿಯೇ ತಗೋ. ಹೊರಡುವ ಮೊದಲೇ ನುಂಗಬೇಕು, ನಿದ್ದೆ ಬರಿಸುತ್ತೆ.

ಹಾಸ್ಟೆಲ್ಲಿನಲ್ಲಿ ರಾತ್ರಿ ಗಾಬರಿ ಜಾಸ್ತಿಯಾದರೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ದುಡ್ಡಿಲ್ಲ, ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡುತ್ತಾರೆ. ಊಟ ಬಿಡುವ ಮಟ್ಟಕ್ಕೆ ಹೋದರೆ ನಿಮ್ಹಾನ್ಸ್‌ಗೆ ಇಬ್ಬರೂ ಹೋಗಿ ಬರೋಣ, ನಾನು ರಜೆ ಹಾಕ್ತೀನಿ.

ಸಂಜೆ ವಾಪಸ್ ಬಂದ ಮೇಲೆ ಒಂದು ಫೋನ್ ಮಾಡು. ವಾಂತಿ ಆಯ್ತಾ ಅಂತ ನಾನು ಕೇಳಲ್ಲ, ಅಮ್ಮನಿಗೂ ಹೇಳಿದೀನಿ. ಏನೇನು ನೋಡಿದೆ, ಯಾರ ಜೊತೆ ಕೂತೆ, ಮಧ್ಯಾಹ್ನ ಏನು ತಿಂದೆ ಅದೆಲ್ಲ ಹೇಳು.

ನಿನ್ನ ಪ್ರೀತಿಯ
ಅಪ್ಪ